ಆರು ತಿಂಗಳ ಗೋಡೆ

ನನ್ನ ಕನ್ನಡಕದ ಬಲಗಡೆಯ ಕಡ್ಡಿಯ ಮೇಲೆ ಒಂದು ಸುಣ್ಣದ ಚುಕ್ಕೆ ಇದೆ. ಸಾಸಿವೆ ಕಾಳಿಗಿಂತ ತುಸು ದೊಡ್ಡದು. ನನ್ನ ಹೆಂಡತಿ ಗೌರಿ ಅದನ್ನು ಸೆರಗಿನಿಂದ ಒರೆಸಿ ನೋಡಿದ್ದಾಳೆ, ಸೋಪು ಹಾಕಿ ಉಜ್ಜಿ ನೋಡಿದ್ದಾಳೆ, ಒಮ್ಮೆ ಚಾಕುವಿನ ತುದಿಯಿಂದ ಕೆರೆಯಲು ಹೋಗಿ ನನ್ನಿಂದ ಬೈಸಿಕೊಂಡೂ ಇದ್ದಾಳೆ. ಚುಕ್ಕೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮದುವೆ ಮನೆಗಳಲ್ಲಿ ಎದುರು ಕೂತವರು ಮಾತಿನ ನಡುವೆ ನನ್ನ ಕಿವಿಯ ಕಡೆ ನೋಡುತ್ತಾರೆ. ಆಮೇಲೆ ಮೆಲ್ಲಗೆ, "ಅಲ್ಲಿ ಏನೋ ಅಂಟಿದೆ" ಎನ್ನುತ್ತಾರೆ. "ಗೊತ್ತು" ಎಂದು ಹೇಳಿ ನಾನು ಪಾಯಸ ಮುಂದುವರಿಸುತ್ತೇನೆ.

ಅದು ಅಂಟಿದ್ದು ಹೋದ ವರ್ಷ, ನಾನು ಮಾಡಿದ ಒಂದು ಅಧಿಕಪ್ರಸಂಗದಿಂದ. ಹೇಳುವ ಮೊದಲು ನನ್ನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ತಿಳಿದವನೆಂದು ಭಾವಿಸುವ ಅಪಾಯವಿದೆ. ನಾನು ಕುನ್ನೂರಿನ ಹತ್ತಿರದ ಅರವಂಕಾಡಿನ ಫ್ಯಾಕ್ಟರಿಯಲ್ಲಿ ಮೂವತ್ತೈದು ವರ್ಷ ಸ್ಟೋರ್ ಕೀಪರ್ ಆಗಿದ್ದು ರಿಟೈರಾದವನು. ನಮ್ಮ ಮನೆಮಾತು ಬಡಗ. ಕನ್ನಡ ಕಲಿತದ್ದು ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುವಾಗ. ತಮಿಳು ಬಂದದ್ದು ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ, ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಮೂರು ಭಾಷೆಯಲ್ಲೂ ನಾನು ಕೇಳದವರಿಗೆ ಸಲಹೆ ಕೊಡಬಲ್ಲೆ.

ಕಟ್ಟಡದ ವಿಷಯದಲ್ಲಂತೂ ನನ್ನ ಸಲಹೆಗೆ ಲಂಗುಲಗಾಮಿಲ್ಲ. ಕಾರಣ, ಒಂದು ಮನೆ ಕಟ್ಟಿಸಿದ್ದೇನೆ. ಹಟ್ಟಿಯಲ್ಲಿ, ಅಂದರೆ ನಮ್ಮ ಊರಿನಲ್ಲಿ, ಹಿರಿಯರ ಹೆಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದ ಮೊದಲಿಗರಲ್ಲಿ ನಾನೂ ಒಬ್ಬ. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ತಾರಸಿಯನ್ನು ಕಾಲಿನಿಂದ ಗುದ್ದಿ ತೋರಿಸಿದ್ದೆ. "ಇನ್ನು ನೂರು ವರ್ಷ ನೋಡಬೇಕಾಗಿಲ್ಲ" ಎಂದಿದ್ದೆ. ಆ ಜೂನಿನಲ್ಲೇ ದೇವರ ಕೋಣೆಯಲ್ಲಿ ಸೋರಲು ಶುರುವಾಯಿತು. ಈಗ ನಾಲ್ಕು ಕಡೆ ಸೋರುತ್ತದೆ. ಯಾವ ಬಕೆಟ್ಟು ಎಲ್ಲಿ ಎಂಬುದು ಗೌರಿಗೆ ಕಣ್ಣು ಮುಚ್ಚಿದರೂ ಗೊತ್ತು.

ನಮ್ಮ ಹಟ್ಟಿಯಿಂದ ಇಳಿಜಾರಿನಲ್ಲಿ ಟೀ ಗಿಡಗಳ ನಡುವೆ ಹತ್ತು ನಿಮಿಷ ಇಳಿದರೆ ಒಂದು ತೊರೆ. ತೊರೆಯ ಆಚೆ ಶೆಡ್ಡುಗಳು. ಸಿಲೋನಿನಿಂದ ಬಂದವರ ಶೆಡ್ಡುಗಳು ಎಂದು ನಾವು ಈಗಲೂ ಹೇಳುತ್ತೇವೆ. ಬಂದವರಲ್ಲಿ ಬಹಳಷ್ಟು ಮಂದಿ ತೀರಿಕೊಂಡಿದ್ದಾರೆ, ಇಲ್ಲೇ ಹುಟ್ಟಿದವರಿಗೇ ತಲೆ ನರೆತಿದೆ. ಆದರೂ ಅವರು ನಮ್ಮ ಬಾಯಲ್ಲಿ "ಬಂದವರು".

ಅವರು ಬಂದಾಗ ನಾನು ಮೂರನೇ ಕ್ಲಾಸು. ಅವರ ಮುತ್ತಜ್ಜಂದಿರು ಯಾವ ಕಾಲದಲ್ಲೋ ತಮಿಳು ಸೀಮೆಯಿಂದ ಸಿಲೋನಿನ ಟೀ ತೋಟಗಳಿಗೆ ಕೂಲಿಗೆ ಹೋದವರಂತೆ. ಎರಡು ಸರ್ಕಾರಗಳು ಕೂತು ಮಾತಾಡಿ, ಇಷ್ಟು ಜನ ನಿಮ್ಮವರು, ಇಷ್ಟು ಜನ ನಮ್ಮವರು ಎಂದು ಹಂಚಿಕೊಂಡವಂತೆ. ಹಾಗೆ ಹಂಚಿದ್ದರಲ್ಲಿ ಈ ಕಡೆಗೆ ಬಂದ ಪಾಲಿನವರು ಹಡಗು ಹತ್ತಿ, ರೈಲು ಹತ್ತಿ, ಲಾರಿ ಹತ್ತಿ, ಹುಟ್ಟಿದಾಗಿನಿಂದ ಕಾಣದ ಸ್ವಂತ ದೇಶಕ್ಕೆ ಬರುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಮಗೆ, ಅಂದರೆ ಹಟ್ಟಿಯ ಹುಡುಗರಿಗೆ, ಗೊತ್ತಿದ್ದದ್ದು ಒಂದೇ: ಲಂಕೆಯವರ ಮೈತುಂಬ ಚಿನ್ನ ಇರುತ್ತದೆ. ಬೇಲಿಯ ಮೇಲೆ ಸಾಲಾಗಿ ಕೂತು ಕಾದೆವು. ಲಾರಿ ಬಂತು. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಬಿಳಿಚಿಕೊಂಡ ಜನ ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಒಂದು ತಗಡಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹದಿನೆಂಟು ಹತ್ತೊಂಬತ್ತರ ಒಬ್ಬಳು ಹುಡುಗಿ ಇಳಿದಳು. ಮೂಗಿನಲ್ಲಿ ಒಂದು ಕಡ್ಡಿ ಬಿಟ್ಟರೆ ಚಿನ್ನದ ಸುಳಿವಿಲ್ಲ. ನಮಗೆ ತುಂಬ ನಿರಾಶೆಯಾಯಿತು.

ಅವಳೇ ಸೆಲ್ಲಮ್ಮ. ಅವಳ ಹಿಂದೆ ಅವಳ ಗಂಡ ಮುತ್ತಯ್ಯ, ಅತ್ತೆ.

ಸರ್ಕಾರದವರು ಅಷ್ಟರಲ್ಲಿ ಶೆಡ್ಡುಗಳನ್ನು ಎಬ್ಬಿಸಿದ್ದರು. ಎಬ್ಬಿಸಿದ್ದರು ಎಂದೇ ಹೇಳಬೇಕು, ಕಟ್ಟಿದ್ದರು ಎನ್ನುವಂತಿರಲಿಲ್ಲ. ನಾಲ್ಕು ಮೂಲೆಗೆ ಕಂಬ, ಗೂಡಲೂರು ಕಡೆಯಿಂದ ಲಾರಿಯಲ್ಲಿ ಬಂದ ಬಿದಿರ ತಟ್ಟಿ, ಮೇಲೆ ತಗಡು. ಬಾಗಿಲಿನ ಮೇಲೆ ಟಾರಿನಲ್ಲಿ ನಂಬರು. ಸೆಲ್ಲಮ್ಮನದು ಏಳು. ಟೊಪ್ಪಿ ಹಾಕಿದ ಒಬ್ಬ ಅಧಿಕಾರಿ ಕಲ್ಲಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ, "ಇದು ಆರು ತಿಂಗಳಿಗೆ ಮಾತ್ರ. ಆಮೇಲೆ ಬೇರೆ ಮನೆ. ತೆಗೆದುಕೊಂಡ ಹಾಗೇ ತಿರುಗಿ ಒಪ್ಪಿಸಬೇಕು" ಎಂದು ಹೇಳಿದ್ದು ನನಗೂ ಕೇಳಿಸಿತ್ತು. ನನ್ನ ಅವ್ವ ಮಾತ್ರ ತಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ನೋಡಿ, "ಈ ಚಳಿಗೆ ಇದರ ಒಳಗೆ ಎಂತ ಇರುವಕ? ಪಾಪ, ದೂರದಿಂದ ಬಂದವಕ" ಎಂದಳು. ಮನೆಗೆ ಹೋಗಿ ಒಂದು ಮಂಕರಿ ಆಲೂಗಡ್ಡೆ ನನ್ನ ತಲೆಯ ಮೇಲೆ ಹೊರಿಸಿ ಕಳಿಸಿದಳು.

ಆ ಮಂಕರಿಯ ದೆಸೆಯಿಂದ ನಾನು ನನ್ನ ಜೀವಮಾನದ ಮೊದಲ ಅದ್ಭುತವನ್ನು ಕಂಡೆ. ಶೆಡ್ಡಿನ ಮುಂದೆ ಒಂದು ಡ್ರಮ್ಮು. ಅದರೊಳಗೆ ಬಿಳಿಯ ಕಲ್ಲುಗಳು. ಮುತ್ತಯ್ಯ ತೊರೆಯ ನೀರನ್ನು ಕೊಡದಲ್ಲಿ ತಂದು ಸುರಿದ. ತೊರೆಯ ನೀರೆಂದರೆ ಕೈ ಅದ್ದಿದರೆ ಮೂಳೆ ನೋಯುವಂಥದು. ಅದು ಬೆಂಕಿಯಿಲ್ಲದೆ, ಸೌದೆಯಿಲ್ಲದೆ ಕೊತಕೊತ ಕುದಿಯತೊಡಗಿತು! ಹಬೆ ಎದ್ದಿತು. ಕಲ್ಲುಗಳು ಸಿಡಿದವು. ನನಗೆ ಇವರು ಲಂಕೆಯವರೇ ಹೌದು ಎಂದು ಖಾತ್ರಿಯಾಯಿತು. ಯಾರೂ ನೋಡದಾಗ ಮಂಕರಿಯಿಂದ ಎರಡು ಆಲೂಗಡ್ಡೆ ತೆಗೆದು ಡ್ರಮ್ಮಿಗೆ ಹಾಕಿದೆ, ಬೇಯುತ್ತದೋ ನೋಡೋಣವೆಂದು. ಬೆಂದಿತು. ಸೆಲ್ಲಮ್ಮ ನನ್ನ ಕೈ ಹಿಡಿದುಕೊಳ್ಳದೆ ಹೋಗಿದ್ದರೆ ನಾನು ಅದನ್ನು ತಿಂದೂಬಿಡುತ್ತಿದ್ದೆ. "ಅಯ್ಯೋ ತಂಬೀ, ಅದು ಸುಣ್ಣ, ಬಾಯಿ ಸುಟ್ಟುಹೋಗುತ್ತೆ!" ಎಂದು ತಮಿಳಿನಲ್ಲಿ ಕೂಗಿದಳು. ಅವಳು ನನಗೆ ಹೇಳಿದ ಮೊದಲ ಮಾತು ಅದು. ಅಂದಿನಿಂದ ನಾನು ಅವಳಿಗೆ ತಂಬಿ, ಅವಳು ನನಗೆ ಅಕ್ಕ. ನಮ್ಮನ್ನೆಲ್ಲ ಹೊರಗಿನವರು ಗೌಡರು ಎಂದು ಕರೆಯುವುದುಂಟು. ಸೆಲ್ಲಮ್ಮಕ್ಕ ಮಾತ್ರ ನಾನು ಏನಾದರೂ ಎಡವಟ್ಟು ಮಾಡಿದಾಗಷ್ಟೇ ನನ್ನನ್ನು ಗೌಡ್ರೇ ಎನ್ನುತ್ತಾಳೆ.

ಆರು ತಿಂಗಳು ಕಳೆಯಿತು. ಯಾರೂ ಬರಲಿಲ್ಲ. ಆರು ವರ್ಷ ಕಳೆಯಿತು. ಟೊಪ್ಪಿಯ ಅಧಿಕಾರಿಗೆ ವರ್ಗವಾಯಿತೋ, ಅವನ ಫೈಲಿಗೆ ವರ್ಗವಾಯಿತೋ ತಿಳಿಯದು. ತಟ್ಟಿಗೆ ಮಣ್ಣು ಮೆತ್ತಿದರು. ಮಣ್ಣಿನ ಮೇಲೆ ಸುಣ್ಣ ಬಳಿದರು. ತಗಡು ಹೋದಾಗ ತಗಡು ಬದಲಾಯಿಸಿದರು. ಹೆಂಗಸರು ನಮ್ಮ ಹೊಲಗಳಿಗೆ ಟೀ ಸೊಪ್ಪು ಕೀಳಲು ಬಂದರು. ಟೀ ಗಿಡದ ಮುಂದೆ ಅವರ ಬೆರಳುಗಳನ್ನು ನೋಡಿ, ಅದುವರೆಗೆ ತಾವೇ ನಿಪುಣರೆಂದುಕೊಂಡಿದ್ದ ನಮ್ಮ ಹೆಂಗಸರು ತಣ್ಣಗಾದರು. ಸೆಲ್ಲಮ್ಮಕ್ಕ ಸೊಪ್ಪಿನ ಸಾಲಿನಲ್ಲೇ ನಮ್ಮ ಮಾತು ಕಲಿತಳು. ಈಗ ಅವಳ ಮಾತು ಅರ್ಧ ಬಡಗ, ಅರ್ಧ ತಮಿಳು.

ಬಸ್ಸು ಬಂದ ಮೇಲೆ ಇನ್ನೊಂದು ತಮಾಷೆಯಾಯಿತು. ಬಸ್ಸು ನಿಲ್ಲುವುದು ತೊರೆಯ ಬಳಿ, ಶೆಡ್ಡುಗಳ ಮುಂದೆ. ಶೆಡ್ಡುಗಳ ಬೋರ್ಡಿನಲ್ಲಿದ್ದ ಇಂಗ್ಲಿಷು ನೋಡಿ ಕಂಡಕ್ಟರುಗಳು ಆ ಸ್ಟಾಪಿಗೆ "ಟೆಂಪರವರಿ" ಎಂದು ಹೆಸರಿಟ್ಟರು. ತಲೆತಲಾಂತರದಿಂದ ಇಲ್ಲೇ ಬೇರುಬಿಟ್ಟ ನಮ್ಮ ಹಟ್ಟಿಗೆ ಸ್ಟಾಪೇ ಇಲ್ಲ. ಇಂದಿಗೂ ನಾವು "ಒಂದು ಟೆಂಪರವರಿ ಕೊಡಪ್ಪಾ" ಎಂದು ಟಿಕೆಟ್ಟು ತೆಗೆದು, ಅಲ್ಲಿ ಇಳಿದು, ಏದುಸಿರು ಬಿಡುತ್ತಾ ಗುಡ್ಡ ಹತ್ತಬೇಕು. ಸೆಲ್ಲಮ್ಮಕ್ಕನ ಮಗಳು ವಿಜಯಾಳ ಮದುವೆಯ ಕಾಗದದಲ್ಲೂ ವಿಳಾಸ ಹಾಗೇ ಅಚ್ಚಾಗಿತ್ತು: ತಾತ್ಕಾಲಿಕ ಶೆಡ್ಡು, ನಂಬರ್ ಏಳು. ಹುಡುಗನ ಕಡೆಯವರು ಅದನ್ನು ಮದುವೆ ಛತ್ರ ಎಂದುಕೊಂಡು ನೇರ ಅಲ್ಲಿಗೇ ವ್ಯಾನಿನಲ್ಲಿ ಬಂದು ಇಳಿದಿದ್ದರು.

ನಾನು ನಿಮಗೆ ಹೇಳಬೇಕಾದದ್ದು ಆ ಶೆಡ್ಡಿನ ಗೋಡೆಯ ವಿಷಯ. ಪ್ರತಿ ವರ್ಷ ಪೊಂಗಲ್ ಹಬ್ಬದ ಹಿಂದಿನ ದಿನ ಸೆಲ್ಲಮ್ಮಕ್ಕ ಒಳಗೂ ಹೊರಗೂ ಸುಣ್ಣ ಬಳಿಯುತ್ತಿದ್ದಳು. ಉಳಿದ ಶೆಡ್ಡಿನವರೂ ಬಳಿಯುತ್ತಿದ್ದರು, ಆದರೆ ಕೈಲಾದಾಗ, ಮನಸ್ಸಾದಾಗ. ಇವಳದು ವ್ರತ. ಸುಣ್ಣಕ್ಕೆ ಅಕ್ಕಿಯ ಗಂಜಿ, ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ. ವಿಜಯಾಳ ಮದುವೆಯ ವರ್ಷ ಮಾತ್ರ ನೀಲಿಯ ಬದಲು ಗುಲಾಬಿ ಬಣ್ಣದ ಪುಡಿ. ಬಳಿದು ಬಳಿದು ಆ ಗೋಡೆಗೆ ಮೂಲೆಗಳೇ ಇಲ್ಲವಾಗಿದ್ದವು. ಗೋಡೆ ಗೋಡೆಗೆ ಸೇರುವ ಕಡೆ ಬಟ್ಟಲಿನ ಒಳಮೈಯಂತೆ ದುಂಡಗಾಗಿತ್ತು. ಕೈ ಆಡಿಸಿದರೆ ತಣ್ಣಗೆ, ನುಣ್ಣಗೆ. ಒಂದು ಬೆಳಗ್ಗೆ ಕಾಟಿಯೊಂದು, ನಮ್ಮ ಟೀ ತೋಟಗಳಲ್ಲಿ ಈಗ ದನದಂತೆ ಓಡಾಡುವ ಕಾಡುಕೋಣ, ಬಂದು ಆ ಗೋಡೆಗೆ ಮೈ ಉಜ್ಜಿತು. ಆನೆಯ ಮರಿಯಷ್ಟಿತ್ತು. ನಾವು ಗುಡ್ಡದ ಮೇಲಿಂದ ನೋಡುತ್ತಾ, ಮುಗಿಯಿತು ಶೆಡ್ಡು ಎಂದುಕೊಂಡೆವು. ಅದು ಸಾವಕಾಶವಾಗಿ ತುರಿಕೆ ತೀರಿಸಿಕೊಂಡು ಹೊರಟುಹೋಯಿತು. ಗೋಡೆ ಅಲ್ಲಾಡಲಿಲ್ಲ. ಒಂದು ವಾರ ಆ ಕಾಟಿ ಪಕ್ಕೆಯಲ್ಲಿ ಬಿಳಿ ಬಳಿದುಕೊಂಡು ತೋಟದ ತುಂಬ ತಿರುಗಾಡಿತು. ನನ್ನ ತಾರಸಿಯ ಮೇಲೆ ಕಾಗೆ ಕೂತರೂ ಗೌರಿ ತಲೆಯೆತ್ತಿ ನೋಡುತ್ತಾಳೆ.

ಹೋದ ವರ್ಷ ಪೊಂಗಲ್ಲಿಗೆ ಮೊದಲು ಶೆಡ್ಡುಗಳಿಗೆ ಒಂದು ನೋಟೀಸು ಬಂತು. ಸೆಲ್ಲಮ್ಮಕ್ಕ ಅದನ್ನು ನನ್ನ ಕೈಗೆ ಕೊಟ್ಟಳು. ಮುತ್ತಯ್ಯ ತೀರಿಕೊಂಡ ಮೇಲೆ ಕಾಗದ ಪತ್ರಗಳೆಲ್ಲ ನನ್ನ ಖಾತೆ. ಮೊದಲ ಪುಟ ಓದಿದೆ: ಇಷ್ಟು ವರ್ಷದಿಂದ ವಾಸವಿರುವವರಿಗೆ ಆ ಜಾಗದ ಪಟ್ಟಾ ಕೊಡಲಾಗುವುದು, ಸರ್ವೇಯರು ಬಂದು ಪರಿಶೀಲಿಸುವರು. ನನಗಾದ ಸಂತೋಷದಲ್ಲಿ ಎರಡನೇ ಪುಟ ತಿರುಗಿಸಲೇ ಇಲ್ಲ. ಮೂವತ್ತೈದು ವರ್ಷ ಸ್ಟೋರಿನಲ್ಲಿ ಒಂದು ಬೋಲ್ಟು ಕೊಡುವುದಕ್ಕೂ ಮೂರು ಪುಟ ಓದುತ್ತಿದ್ದವನು ನಾನು!

"ಅಕ್ಕಾ, ಸರ್ವೇಯರು ಬರುವಾಗ ಮನೆ ಗಟ್ಟಿ ಕಾಣಬೇಕು. ಈ ಹಳೇ ಸುಣ್ಣ ಎಲ್ಲ ಕೆತ್ತಿಸಿ ಸಿಮೆಂಟು ಮಾಡಿಸುವ. ಖರ್ಚು ಎನ್ನದು" ಎಂದೆ.

"ಬೇಡ ತಂಬಿ. ಇದು ಇದ್ದ ಹಾಗೇ ಇರಲಿ" ಎಂದಳು.

ಬೇಡ ಎಂದರೆ ಸಂಕೋಚಕ್ಕೆ ಹೇಳುತ್ತಿದ್ದಾಳೆ ಎಂದು ತಿಳಿಯುವುದು ನನ್ನ ಹಳೆಯ ಕಾಯಿಲೆ. ಅವಳು ಸೊಪ್ಪು ಕೀಳಲು ಹೋದ ದಿನ ನೋಡಿ ಕುನ್ನೂರಿನಿಂದ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಹಬ್ಬಕ್ಕೆಂದು ತವರಿಗೆ ಬಂದಿದ್ದ ವಿಜಯಾ ಅನುಮಾನಿಸಿದಳು. "ಅಮ್ಮನ ಕೇಳಿದಿರಾ ಮಾಮ?" ಎಂದಳು. "ಎಲ್ಲ ಮಾತಾಡಿದ್ದೇವೆ" ಎಂದೆ. ಮಾತಾಡಿದ್ದು ನಿಜವೇ. ಅವಳು ಪಾಪ ನಮಗೆ ಟೀ ಮಾಡಲು ಒಳಗೆ ಹೋದಳು.

ಮೇಸ್ತ್ರಿ ಹೊರಗೋಡೆಗೆ ಉಳಿ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದ. ಊಟದ ತಟ್ಟೆಯಷ್ಟು ಅಗಲದ ಒಂದು ಹಕ್ಕಳೆ ಇಡಿಯಾಗಿ ಕೆಳಗೆ ಬಿತ್ತು. ಒಳಗಿನಿಂದ ಒಂದು ಹಿಡಿ ಮಣ್ಣುಪುಡಿ ಸುರಿಯಿತು. ಮೇಸ್ತ್ರಿ ಬಗ್ಗಿ ನೋಡಿದ. "ಇದರಲ್ಲಿ ತಟ್ಟಿಯೇ ಇಲ್ಲವಲ್ಲ ಸಾರ್" ಎಂದ. ನಂಬಿಕೆಯಾಗದೆ, ನೋಡೋಣ ಎಂದು ಇನ್ನೊಂದು ಏಟು ಹಾಕಿದ. ಉಳಿ ಆಚೆಗೆ ಹೊರಟುಹೋಯಿತು. ಗೋಡೆಯಲ್ಲಿ ಕೈ ತೂರುವಷ್ಟು ತೂತು. ತೂತಿನ ಆಚೆ, ಎರಡು ಟೀ ಲೋಟ ಹಿಡಿದುಕೊಂಡು ನಿಂತಿದ್ದ ವಿಜಯಾ ನನ್ನನ್ನೇ ನೋಡುತ್ತಿದ್ದಳು.

ಗೆದ್ದಲು ಯಾವಾಗಲೋ ತಟ್ಟಿಯನ್ನು ತಿಂದು ಮುಗಿಸಿತ್ತು. ಹತ್ತು ವರ್ಷ ಆಗಿತ್ತೋ, ಮೂವತ್ತು ಆಗಿತ್ತೋ. ಸರ್ಕಾರ ಕೊಟ್ಟ ಗೋಡೆ ಅಲ್ಲಿ ಇರಲೇ ಇಲ್ಲ. ಒಳಗೊಂದು, ಹೊರಗೊಂದು ಮಣ್ಣಿನ ಪೊರೆ, ಅದರ ಮೇಲೆ ಬೆರಳು ದಪ್ಪದ ಸುಣ್ಣ, ನಡುವೆ ಬರೀ ಗಾಳಿ. ಅಷ್ಟರ ಮೇಲೆ ಒಂದು ಸಂಸಾರ ನಿಂತಿತ್ತು. ಮಳೆಗಾಲಗಳು, ಜನವರಿಯ ಹಿಮ, ಕಾಟಿಯ ತುರಿಕೆ, ಎಲ್ಲವನ್ನೂ ತಡೆದದ್ದು ಒಬ್ಬ ಹೆಂಗಸು ವರ್ಷಕ್ಕೊಂದು ಸಲ ಬಳಿದ ಬಿಳಿ. ಮೇಸ್ತ್ರಿ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಗುಡಿಯ ಮುಂದೆ ಹಾಗೆ ಮಾಡುವುದನ್ನು ನೋಡಿದ್ದೆ.

ಮಧ್ಯಾಹ್ನ ಸೆಲ್ಲಮ್ಮಕ್ಕ ಬಂದಳು. ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ತೂತನ್ನು ನೋಡಿದಳು.

"ಏನ ಗೌಡ್ರೇ, ಎನ್ನ ಮನೆಗೆ ಕಿಟಕಿ ಮಡಗಿದಿಯಾ?"

ನಾನು ಸಮಾಧಾನಕ್ಕೆಂದು ನೋಟೀಸು ತೆಗೆದು, ಪಟ್ಟಾ ಬರುತ್ತದಲ್ಲ ಅಕ್ಕ ಎನ್ನುತ್ತಾ, ಮಾತಿನ ಭರದಲ್ಲಿ ಎರಡನೇ ಪುಟ ತಿರುಗಿಸಿದೆ. ಅಲ್ಲಿ ಬರೆದಿತ್ತು: ಮೊದಲು ಕೊಟ್ಟ ಶೆಡ್ಡಿನಲ್ಲೇ ಈಗಲೂ ವಾಸವಿರುವವರಿಗೆ ಮಾತ್ರ ಆ ಜಾಗ. ಮೂಲ ಶೆಡ್ಡು ಬಿದ್ದುಹೋಗಿದ್ದರೆ ಅಥವಾ ಗೋಡೆಗಳನ್ನು ಬದಲಾಯಿಸಿದ್ದರೆ ಜಾಗದ ಹಕ್ಕಿಲ್ಲ. ಅಂಥವರಿಗೆ ಬೆಟ್ಟದ ಕೆಳಗೆ ಕಟ್ಟುತ್ತಿರುವ ನಾಲ್ಕಂತಸ್ತಿನ ವಸತಿಯಲ್ಲಿ ಒಂದು ಮನೆ. ಓದುತ್ತಾ ಓದುತ್ತಾ ನನ್ನ ಸ್ವರ ಸಣ್ಣದಾಯಿತು.

ಬೆಟ್ಟದ ಕೆಳಗೆ ಅಂದರೆ ಬಿಸಿಲಿನ ಬಯಲು. ಎಪ್ಪತ್ತು ದಾಟಿದ, ಜನ್ಮವಿಡೀ ಮಂಜಿನಲ್ಲಿ ಸೊಪ್ಪು ಕಿತ್ತ ಹೆಂಗಸು ಅಲ್ಲಿ ಮೂರನೇ ಮಹಡಿಯಲ್ಲಿ ಕೂರಬೇಕು. ಶೆಡ್ಡಿನ ಹಿಂದೆ, ತೊರೆಯ ದಂಡೆಯ ಮೇಲೆ ಮುತ್ತಯ್ಯನನ್ನು ಮಣ್ಣು ಮಾಡಿದ ಜಾಗವಿದೆ. ಸಂಜೆ ಸಂಜೆ ಅವಳು ಅಲ್ಲಿಗೊಂದು ದೀಪ ಇಡುತ್ತಾಳೆ. ಎಲ್ಲವೂ ಈಗ ಆ ತೂತಿನಲ್ಲಿ ನಿಂತಿತ್ತು, ಮತ್ತು ಅದನ್ನು ಮಾಡಿದವನು ನಾನು. ವಿಜಯಾ ಅತ್ತಳು. ನಾನು ಅಳಲಿಲ್ಲ ಎಂದು ಹೇಳಿದರೆ ಗೌರಿ ಇದನ್ನು ಓದಿ ನಗುತ್ತಾಳೆ.

ಸೆಲ್ಲಮ್ಮಕ್ಕ ಬುಟ್ಟಿ ಇಳಿಸಿದಳು. ಬಿದ್ದ ಹಕ್ಕಳೆಯನ್ನು ಎತ್ತಿ, ಮಗುವಿನ ಮುಖ ಒರೆಸುವಂತೆ ಸೆರಗಿನಿಂದ ಒರೆಸಿ, ಒಳಗೆ ಅಕ್ಕಿಯ ಡಬ್ಬದ ಮೇಲೆ ಇಟ್ಟಳು. "ಸರ್ವೇ ಯಾವತ್ತು?" ಎಂದು ಕೇಳಿದಳು. ಮೂರು ದಿನ ಇತ್ತು. "ಆತು. ಗಂಜಿ ಕಾಯಿಸು ವಿಜಯಾ" ಎಂದಳು.

ಮುಂದಿನ ಎರಡು ದಿನ ನಾನು ಮನೆ ಕಟ್ಟುವುದನ್ನು ಕಲಿತೆ. ಹಳೆಯ ಹತ್ತಿಸೀರೆಯನ್ನು ಹರಿದು, ಗಂಜಿ ಕಲಸಿದ ಸುಣ್ಣದಲ್ಲಿ ಅದ್ದಿ, ತೂತಿಗೆ ಪದರ ಪದರವಾಗಿ ತುಂಬಿದಳು. ಒಳಗಿನಿಂದ ಹಲಗೆ ಒತ್ತಿ ಹಿಡಿದು ನಿಲ್ಲುವುದು ನನ್ನ ಕೆಲಸ. ಒಂದು ಪದರ ಒಣಗಬೇಕು, ಆಮೇಲೆ ಇನ್ನೊಂದು. ಬಿಸಿಲು ಮೋಡಕ್ಕೆ ಹೋದಾಗ ಗೌರಿ ಬಾಣಲೆಯಲ್ಲಿ ಕೆಂಡ ತುಂಬಿ ಗೋಡೆಯ ಹತ್ತಿರ ಹಿಡಿದಳು. ನಾನು ಆತುರಪಟ್ಟು ಕುಂಚ ಅದ್ದಿ ಎಳೆದೆ. ಸೆಲ್ಲಮ್ಮಕ್ಕ ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳುವಾಗ ಹಾರಿದ ಹನಿಯೇ ಈ ನನ್ನ ಕನ್ನಡಕದ ಚುಕ್ಕೆ.

ಸರ್ವೇಯರಾಗಿ ಬಂದದ್ದು ಒಬ್ಬ ಹುಡುಗಿ. ವಿಜಯಾಳ ಮಗಳ ವಯಸ್ಸಿರಬಹುದು. ಬೆನ್ನಿಗೊಂದು ಚೀಲ, ಕೈಯಲ್ಲಿ ಫಾರಮ್ಮು, ಮುಖದಲ್ಲಿ ನಗುವಿಲ್ಲ. ಟೇಪು ಹಿಡಿದು ಅಳೆದಳು, ಸೂರು ನೋಡಿದಳು, ಕಂಬ ತಟ್ಟಿದಳು. ಹೊರಗೋಡೆಯ ಹಸಿ ತೇಪೆಯ ಮುಂದೆ ನಿಂತುಬಿಟ್ಟಳು.

"ಪಾಟಿ, ಇದೇನು? ಗೋಡೆ ಹೊಸದಾಗಿ ಕಟ್ಟಿಸಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿದಳು. ಅಜ್ಜಿಯರನ್ನು ಇಲ್ಲಿ ಹಾಗೆಯೇ ಕರೆಯುವುದು. "ನನ್ನ ಫಾರಮ್ಮಿನಲ್ಲಿ ತಟ್ಟಿ ಗೋಡೆ ಅಂತ ಇದೆ. ತಟ್ಟಿ ಎಲ್ಲಿ?"

ನಾನು ಬಾಯಿ ತೆರೆದೆ. ಗೌರಿ ನನ್ನ ಕಾಲು ತುಳಿದಳು.

"ತಟ್ಟಿ ಗೆದ್ದಲು ತಿಂದಿತು ಕಣಮ್ಮಾ" ಎಂದಳು ಸೆಲ್ಲಮ್ಮಕ್ಕ. "ಸರ್ಕಾರ ಕೊಟ್ಟಿದ್ದ ನಾ ಕಾಯಲಿಲ್ಲ. ತಪ್ಪು ಎನ್ನದು." ಒಳಗೆ ಹೋಗಿ ಆ ಹಕ್ಕಳೆಯನ್ನು ತಂದು ಹುಡುಗಿಯ ಕೈಗೆ ಕೊಟ್ಟಳು. "ಉಳಿದದ್ದು ಇಷ್ಟೇ."

ಹುಡುಗಿ ಅದನ್ನು ಅತ್ತಿತ್ತ ತಿರುಗಿಸಿದಳು. ಹಿಂಬದಿಯಲ್ಲಿ ಅವಳ ಕಣ್ಣು ನಿಂತಿತು. ಎರಡು ದಿನ ಆ ಹಕ್ಕಳೆಯ ಪಕ್ಕದಲ್ಲೇ ಇದ್ದ ನಾವು ಯಾರೂ ಅದರ ಬೆನ್ನು ನೋಡಿರಲಿಲ್ಲ. ಮಣ್ಣಿನಲ್ಲಿ ತಟ್ಟಿಯ ಹೆಣಿಗೆ ಅಚ್ಚೊತ್ತಿದಂತೆ ಮೂಡಿತ್ತು. ಒಂದು ಸೀಳು ಮೇಲೆ, ಒಂದು ಕೆಳಗೆ, ಗಿಣ್ಣುಗಳು ಸಮೇತ. ಬಿದಿರು ಹೋಗಿತ್ತು, ಅದರ ಗುರುತು ಒಂದಿಷ್ಟೂ ಮಾಸಿರಲಿಲ್ಲ. ಹುಡುಗಿ ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಅಂಚನ್ನು ಬೆಳಕಿಗೆ ಹಿಡಿದಳು. ಸುಣ್ಣದ ಪದರಗಳು ಒಂದರ ಮೇಲೊಂದು, ಕೂದಲೆಳೆಯಷ್ಟು ತೆಳ್ಳಗೆ. ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ತುಟಿಯಲ್ಲೇ ಎಣಿಸತೊಡಗಿದಳು. ನೀಲಿ, ನೀಲಿ, ನೀಲಿ. ನಡುವೆ ಒಂದು ಗುಲಾಬಿ. ಎಣಿಕೆ ನಲವತ್ತು ದಾಟಿತು.

"ಇಲ್ಲೊಂದು ಕಪ್ಪು ಗೆರೆ ಇದೆಯಲ್ಲ ಪಾಟಿ?"

"ಅದು ಇವಳ ಅಪ್ಪ ತೀರಿದ ವರ್ಷ" ಎಂದು ವಿಜಯಾಳ ಕಡೆ ತೋರಿಸಿದಳು. "ಸಾವಿನ ಮನೆಗೆ ಪೊಂಗಲ್ ಇಲ್ಲೆ. ಸುಣ್ಣ ಇಲ್ಲೆ. ಸೂರಿನ ಸಂದಿಯಿಂದ ಬಂದ ಎರಡು ವರ್ಷದ ಒಲೆಹೊಗೆ ಒಟ್ಟಿಗೆ ಕೂತದ್ದು."

ಹುಡುಗಿ ಫಾರಮ್ಮಿನಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು. "ಇಷ್ಟೊಂದು ಸಲ ಯಾಕೆ ಪಾಟಿ? ಟೆಂಪರವರಿ ಶೆಡ್ಡಿಗೆ ಯಾರಾದರೂ ವರ್ಷ ವರ್ಷ ಸುಣ್ಣ ಹೊಡೆಯುತ್ತಾರಾ?"

ಇದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಮನೆಯ ಮೇಲಿನ ಪ್ರೀತಿ, ಈ ಮಣ್ಣಿನ ಮೇಲಿನ ಹಕ್ಕು, ಇಂಥವನ್ನೆಲ್ಲ ಸೇರಿಸಿ ಒಂದು ಭಾಷಣ. ಐವತ್ತು ವರ್ಷದಿಂದ ನಾನು ಹಾಗೇ ನಂ‌ಬಿಕೊಂಡಿದ್ದೆ.

"ತಿರುಗಿ ಒಪ್ಪಿಸಬೇಕಲ್ಲಾ?" ಎಂದಳು ಸೆಲ್ಲಮ್ಮಕ್ಕ, ಇದೂ ಒಂದು ಕೇಳುವ ಮಾತಾ ಎನ್ನುವ ಹಾಗೆ. "ಆರು ತಿಂಗಳು ಅಂತ ಕೊಟ್ಟವಕ. ಯಾವ ದಿನ ಬಂದು ಖಾಲಿ ಮಾಡು ಅಂತಾರೋ ತಿಳಿಯದು. ಆ ದಿನ ಸುಣ್ಣ ಬಳಿಯೋಕೆ ಹೊತ್ತು ಸಿಗುತ್ತಾ? ಎರವಲು ತಂದ ಪಾತ್ರೆಯ ಬೆಳಗದೆ ತಿರುಗಿ ಕೊಡೋದುಂಟಾ?" ಮತ್ತೆ ಅವಳೇ ಹೇಳಿದಳು. "ಸಿಲೋನಿನಲ್ಲಿ ಎಂಗಳ ಮನೆಯ ಬಿಡುವಾಗ ಲಾರಿ ಬಂದು ಹಾರನ್ ಹೊಡೀತಾ ಇತ್ತು. ಒಲೆಯ ಬೂದಿ ತೆಗೆಯದೆ ಬಂದೆ ಅಮ್ಮಾ. ನಾ ಹುಟ್ಟಿದ ಮನೆ. ಎನ್ನ ಹಿಂದೆ ಬಂದವಳು ಆ ಒಲೆಯ ನೋಡಿ ಏನ ಅಂದುಕೊಂಡಳೋ. ಅಂಥದ್ದು ಇನ್ನೊಂದು ಸಲ ಆಗಬಾರದು ಅಂತ."

ನಾನು ಅವಳ ಮುಖ ನೋಡಿದೆ. ಆ ಬೂದಿಯ ಸುದ್ದಿ ನನಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ನಾನು ಮನೆ ಎಂದುಕೊಂಡು ಬೆರಗಿನಿಂದ ನೋಡುತ್ತಿದ್ದದ್ದು ಅವಳಿಗೆ ಮನೆಯಾಗಿರಲೇ ಇಲ್ಲ. ಪ್ರತಿ ಪೊಂಗಲ್ಲಿಗೂ ಅವಳು ಹೊರಡಲು ಸಿದ್ಧಳಾಗಿ ನಿಂತಿದ್ದಳು. ಹೊರಡುವ ಮರ್ಯಾದೆಗಾಗಿ ಬಳಿದ ಸುಣ್ಣ ಅವಳಿಗೇ ತಿಳಿಯದಂತೆ ಗೋಡೆಯಾಗಿತ್ತು. ಇದಕ್ಕಿಂತ ದೊಡ್ಡದನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ.

ಸರ್ವೇಯರ್ ಹುಡುಗಿ ಹಕ್ಕಳೆಯನ್ನು ಎರಡೂ ಕೈಯಲ್ಲಿ ತಿರುಗಿ ಕೊಟ್ಟಳು. ಫಾರಮ್ಮಿನಲ್ಲಿ ಬರೆದದ್ದನ್ನು ನಾನು ಕತ್ತು ಉದ್ದ ಮಾಡಿ ಓದಿದೆ. "ಮೂಲ ಶೆಡ್ಡು. ಮೂಲ ವಾಸಿ. ತಟ್ಟಿ ಗೋಡೆ, ಸುಣ್ಣ ಬಳಿದದ್ದು." ಅಷ್ಟೇ.

ಪಟ್ಟಾ ಬಂದದ್ದು ಮಳೆಗಾಲ ಮುಗಿದ ಮೇಲೆ. ನಾನು ಎಲ್ಲ ಪುಟಗಳನ್ನೂ ಓದಿ ಹೇಳಿದೆ, ಸೀಲಿನಲ್ಲಿರುವ ಅಕ್ಷರ ಸಹಿತ. ಸೆಲ್ಲಮ್ಮಕ್ಕ ಕೇಳಿಸಿಕೊಂಡು, ಕಾಗದವನ್ನು ಮಡಿಸಿ ತಗಡಿನ ಪೆಟ್ಟಿಗೆಯಲ್ಲಿಟ್ಟಳು. ನಾನೇ ಇಬ್ಬರ ಪಾಲಿನದನ್ನೂ ಮಾತಾಡಿದೆ.

ಮೊನ್ನೆ ಪೊಂಗಲ್ಲಿನ ಹಿಂದಿನ ದಿನ, ತಪ್ಪು ತಿದ್ದಿಕೊಂಡವನ ಗತ್ತಿನಲ್ಲಿ, ಕುನ್ನೂರು ಮಾರ್ಕೆಟ್ಟಿನಿಂದ ಐದು ಕಿಲೋ ಸುಣ್ಣ, ನೀಲಿ, ಹೊಸ ಕುಂಚ ಹಿಡಿದುಕೊಂಡು ಬೆಳಗ್ಗೆಯೇ ಇಳಿದು ಹೋದೆ. ಉಳಿದ ಶೆಡ್ಡುಗಳ ಮುಂದೆಲ್ಲ ಸುಣ್ಣದ ಸಡಗರ. ಏಳನೇ ನಂಬರಿನ ಮುಂದೆ ಡ್ರಮ್ಮು ಬೋರಲಾಗಿ ಬಿದ್ದಿತ್ತು. ಸೆಲ್ಲಮ್ಮಕ್ಕ ಒಲೆಯ ಮುಂದೆ ಮಣೆ ಹಾಕಿಕೊಂಡು, ಎರಡೂ ಕೈಯಲ್ಲಿ ಟೀ ಲೋಟ ಹಿಡಿದು ಆರಾಮವಾಗಿ ಕೂತಿದ್ದಳು. ವಿಜಯಾ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡಳು.

"ನೀವಾದರೂ ಹೇಳಿ ಮಾಮ. ಬಳಿಯೋದಿಲ್ಲ ಅಂತಾಳೆ. ಬೆಳಗ್ಗಿಂದ ಹೋಗಿ ಬರೋರೆಲ್ಲ ಮನೆಯಲ್ಲಿ ಯಾರು ಹೋದರು ಅಂತ ಕೇಳ್ತಾ ಇದ್ದಾರೆ."

"ಏನಕ್ಕಾ, ಮೈಯಲ್ಲಿ ಹುಷಾರಿಲ್ಲವಾ? ನಾನು ಬಳಿಯುತ್ತೇನೆ" ಎಂದು ಪಂಚೆ ಎತ್ತಿ ಕಟ್ಟಿದೆ.

"ಅದ ನಿನ್ನ ಮನೆಗೆ ಬಳಿದುಕೋ. ಸೋರೋದು ನಿಲ್ಲಬಹುದು" ಎಂದಳು. ಲೋಟ ಕೆಳಗಿಟ್ಟು, ಗೋಡೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಈ ವರ್ಷ ಇಲ್ಲೆ ತಂಬಿ. ಇನ್ನು ಯಾರಿಗೆ ಒಪ್ಪಿಸೋದು?"

ಪಂಚೆ ಇಳಿಬಿಟ್ಟು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ವಿಜಯಾ ನನಗೂ ಒಂದು ಲೋಟ ಟೀ ಕೊಟ್ಟಳು. ಒಲೆಯ ಮೇಲುಗಡೆ ಗೋಡೆ ಆಗಲೇ ತುಸು ಕಂದಿತ್ತು. ಸೆಲ್ಲಮ್ಮಕ್ಕ ಇನ್ನೊಂದು ಸೌದೆ ಒಳಗೆ ತಳ್ಳಿದಳು.